ಅಣ್ಣತಮ್ಮಂದಿರ ಗೋಡೆ

ಅಪ್ಪನ ತಲೆಯ ಮೇಲೆ ನಾನೇ ಒಂದು ಮಹಡಿ ಕೆಡವಲು ಹೊರಟಿದ್ದೇನೆ ಅಂತ ನನಗೆ ಗೊತ್ತಾದದ್ದು ಬೆಳಗ್ಗೆ ಎಂಟೂಕಾಲಿಗೆ. ಕೈಯಲ್ಲಿ ಪೆನ್ಸಿಲ್ ಇತ್ತು, ಪಕ್ಕದಲ್ಲಿದ್ದ ಕಾಫಿ ಇನ್ನೂ ಆರಿರಲಿಲ್ಲ. ಮೇಜಿನ ಮೇಲೆ ರಬ್ಬರ್ ತೋಟದ ಆ ಹಳೆಯ ದೊಡ್ಡ ಮನೆಯ ನಕ್ಷೆ ಹರಡಿಕೊಂಡಿತ್ತು. ಲ್ಯಾಪ್‌ಟಾಪಿನಲ್ಲಿ ಹೋದ ತಿಂಗಳು ನಾನೇ ತೆಗೆದ ಒಂದು ಫೋಟೊ. ಅದರಲ್ಲಿ ಅಪ್ಪನ ಕೆಲಸದಾಳು, ಎಲ್ಲರೂ ಕಡ್ಡಿ ಅಂತ ಕರೆಯುವವನು, ಹಜಾರದ ಗೋಡೆಗೆ ಟೇಪಿನ ತುದಿ ಒತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದ. ಅವನ ಹೆಬ್ಬೆರಳಿನ ಪಕ್ಕದಲ್ಲಿ, ಗೋಡೆಗೆ ತಾಗಿಕೊಂಡು, ಕೆಂಪು ಬಣ್ಣದ ಅಂಕಿ: ಒಂದು.

ಆ ಒಂದನ್ನು ನಾನು ನೋಟ್‌ಬುಕ್ಕಿನಲ್ಲಿ ಕಳೆದಿರಲಿಲ್ಲ.

ನಮ್ಮ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಒಂದಕ್ಕೆ ನಾನು ಯಾಕೆ ಅಷ್ಟು ಬೆವರಿದೆ ಅಂತ ಅರ್ಥವಾಗುವುದಿಲ್ಲ. ಅಪ್ಪ ಮೇಸ್ತ್ರಿ. ನಾನು ನಕ್ಷೆ ಬರೆಯುವವಳು. ಹಳೆಯ ಮನೆಗಳನ್ನು ಅಳೆಯುವುದು, ಯಾವ ಕಾಲದಲ್ಲಿ ಯಾವ ಗೋಡೆ ಬಂತು ಅಂತ ಕಂಡುಹಿಡಿಯುವುದು, ಯಾವುದನ್ನು ಮುಟ್ಟಬಹುದು ಯಾವುದನ್ನು ಮುಟ್ಟಬಾರದು ಅಂತ ಗುರುತು ಹಾಕುವುದು ನನ್ನ ಪಾಲು. ಆ ಗುರುತಿನ ಪ್ರಕಾರ ಒಡೆಯುವುದು, ಕಟ್ಟುವುದು ಅಪ್ಪನ ಪಾಲು. ನಮ್ಮ ಹತ್ತಿರ ಎರಡು ಟೇಪುಗಳಿವೆ. ಒಂದು ಉದ್ದದ ಬಟ್ಟೆ ಟೇಪು, ನೆಟ್ಟಗಿದೆ. ಇನ್ನೊಂದು ಇಪ್ಪತ್ತೈದು ಅಡಿಯ ಸ್ಟೀಲ್ ಟೇಪು. ಅದರ ಮೊದಲ ಅಡಿ ಮೂರು ವರ್ಷದ ಹಿಂದೆ ಯಾವುದೋ ಬಾಗಿಲಿಗೆ ಸಿಕ್ಕಿ ತುಂಡಾಯಿತು. ಎಸೆಯೋಣ ಅಂದರೆ ಅಪ್ಪ ಬಿಡಲಿಲ್ಲ. "ಇಪ್ಪತ್ನಾಲ್ಕು ಅಡಿ ಚೆನ್ನಾಗೇ ಇದೆಯಲ್ಲ, ಅದೇನು ಪಾಪ ಮಾಡಿದೆ?" ಅಂದ. ಅಂದಿನಿಂದ ಒಂದು ಪದ್ಧತಿ. ಕಡ್ಡಿ ಒಂದನೇ ಅಡಿಯ ಗುರುತನ್ನು ಗೋಡೆಗೆ ಇಟ್ಟು ಹಿಡಿಯುತ್ತಾನೆ, ಅಪ್ಪ ಆಚೆ ತುದಿಯಲ್ಲಿ ಅಳತೆ ಓದಿ, ಕೊನೆಗೆ "ಒಂದು ಕಳೆ" ಅನ್ನುತ್ತಾನೆ. ನಾನು ಕಳೆದು ಬರೆದು, ಪಕ್ಕದಲ್ಲಿ ಒಂದು ಸುತ್ತು ಹಾಕುತ್ತೇನೆ. ಅಪ್ಪ ಏನೂ ಅನ್ನದಿದ್ದರೆ ಅದು ಬಟ್ಟೆ ಟೇಪಿನ ಅಳತೆ ಅಂತ ಅರ್ಥ. ಬೇರೆ ಯಾರಾದರೂ ಕೇಳಿದರೆ ನಗುತ್ತಾರೆ. ಮೂರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಆ ಫೋಟೊ ತೆಗೆದ ದಿನ ಅಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದ. ತಪ್ಪು ನನ್ನದೇ. ತೋಟದ ಯಜಮಾನಿ ನಮಗೆ ಮಹಡಿ ತೋರಿಸುತ್ತಿದ್ದರು. ಮನೆಯನ್ನು ಅತಿಥಿಗಳಿಗೆ ಬಾಡಿಗೆಗೆ ಕೊಡುವ ಯೋಚನೆ ಅವರದು. ಬಂದವರು ನೋಡಲಿ ಅಂತ ಹಳೆಯ ಸಾಮಾನುಗಳನ್ನೆಲ್ಲ ಮಹಡಿಯಲ್ಲಿ ಸಾಲಾಗಿ ಜೋಡಿಸಿದ್ದರು. ಬಟ್ಟಲು, ಚಾಕು, ತಕ್ಕಡಿ, ಜೊತೆಗೆ ರಬ್ಬರ್ ಹಾಳೆ ಒತ್ತುವ ಎರಕದ ಕಬ್ಬಿಣದ, ಗಾಲಿಯಿದ್ದ ಒಂದು ದೊಡ್ಡ ಯಂತ್ರ. ಅದನ್ನು ಆರು ಜನ ಹೊತ್ತು ಮೇಲೇರಿಸಿದ್ದರಂತೆ. ನಾನು ಬಾಯಿ ಮುಚ್ಚಿಕೊಂಡಿರದೆ, "ನಮ್ಮಪ್ಪನ ಟೇಪನ್ನೂ ಇಲ್ಲೇ ಇಟ್ಟುಬಿಡೋಣ ಮೇಡಂ, ನಾನು ಲೇಸರ್ ತಗೋತೀನಿ" ಅಂದೆ. ಯಜಮಾನಿ ನಕ್ಕರು. ಕಡ್ಡಿಯೂ ನಕ್ಕ. ಅಪ್ಪ ನಗಲಿಲ್ಲ. ಕೆಳಗಿಳಿದು ಬಂದವನು ಬಾಯಿಗೆ ಬೀಗ ಹಾಕಿಕೊಂಡ. ಹಜಾರ ಅಳೆಯುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಬರೆಯುತ್ತಿದ್ದೆ, ಬೇಕೆಂದೇ. ಬೆನ್ನ ಹಿಂದಿನಿಂದ "ಇಪ್ಪತ್ನಾಲ್ಕು ಮೂರು" ಅಂತ ಬಂತು. ಇಪ್ಪತ್ನಾಲ್ಕು ಅಡಿ ಮೂರಿಂಚು. ಇಪ್ಪತ್ತು ದಾಟಿದರೆ ಸಾಮಾನ್ಯವಾಗಿ ಬಟ್ಟೆ ಟೇಪು ಹಿಡಿಯುತ್ತೇವೆ. ಹಾಗೇ ಬರೆದುಕೊಂಡೆ. ಮೂತಿ ಊದಿಸಿಕೊಂಡಿದ್ದವನನ್ನು ಯಾವ ಟೇಪು ಅಂತ ಕೇಳುವುದಕ್ಕೆ ನನಗೂ ಬಿಗುಮಾನ. ಬೆಳಕು ಚೆನ್ನಾಗಿದೆ ಅಂತ ಆಮೇಲೊಮ್ಮೆ ತಿರುಗಿ ಫೋಟೊ ಹೊಡೆದೆ, ಅಷ್ಟೆ.

ಒಂದಡಿ ತಾನೇ ಅನ್ನಬಹುದು. ಕಷ್ಟ ಇರುವುದು ಇಲ್ಲಿ. ಹಜಾರಕ್ಕೂ ಪಕ್ಕದ ಊಟದ ಕೋಣೆಗೂ ನಡುವೆ ಒಂದು ಗೋಡೆ ಇದೆ, ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ. ಬಾಗಿಲಿದ್ದರೆ ಚೌಕಟ್ಟಿನಲ್ಲೇ ದಪ್ಪ ಕಾಣುತ್ತದೆ. ಇಲ್ಲದಿದ್ದರೆ ಲೆಕ್ಕ ಹಾಕಬೇಕು. ಮನೆಯ ಹೊರಗಿನ ಒಟ್ಟು ಉದ್ದದಿಂದ ಒಳಗಿನ ಕೋಣೆಗಳ ಉದ್ದವನ್ನೂ ಉಳಿದ ಗೋಡೆಗಳ ದಪ್ಪವನ್ನೂ ಕಳೆದರೆ ಉಳಿಯುವುದೇ ಆ ಗೋಡೆ. ನನ್ನ ಲೆಕ್ಕದಲ್ಲಿ ಉಳಿದದ್ದು ಒಂದಡಿ. ಹಜಾರ ನಿಜವಾಗಿ ಒಂದಡಿ ಚಿಕ್ಕದಾದರೆ, ಗೋಡೆ ಎರಡಡಿ.

ಎರಡಡಿ ಅಂದರೆ ಅದು ಬೇರೆಯೇ ಗೋಡೆ.

ಆ ಮನೆಯನ್ನು ಒಬ್ಬನೇ ಕಟ್ಟಿದ್ದಲ್ಲ. ಮೊದಲು ಬಂದವನು ಕಾಡು ಕಡಿಸಿ ಸಸಿ ನೆಡಿಸಿದವನು. ಒಂದೇ ಸಾಲಿನಲ್ಲಿ ಕಲ್ಲಿನ ಕೋಣೆಗಳನ್ನು ಕಟ್ಟಿಕೊಂಡ. ಗೋಡೆ ಎರಡಡಿ ದಪ್ಪ, ಕಿಟಕಿಗಳು ತಲೆ ತೂರಿಸಲೂ ಸಾಲದಷ್ಟು. ಅವನಿಗೆ ಯಾರ ಹೆದರಿಕೆಯೋ. ತನ್ನ ಕೂಲಿಯಾಳುಗಳದೇ ಇರಬೇಕು, ಅವರನ್ನು ನಡೆಸಿಕೊಂಡ ರೀತಿಗೆ ಹೆದರಬೇಕಾದ್ದೇ. ಅವನ ಮಗನಿಗೆ ಧೈರ್ಯ ಬಂತು, ದುಡ್ಡೂ ಬಂತು. ಮನೆಯನ್ನು ಪಕ್ಕಕ್ಕೆ ಎಳೆದು ಹಜಾರ ಸೇರಿಸಿದ, ಮುಂದೆ ಉದ್ದಕ್ಕೂ ಜಗುಲಿ ಮಾಡಿ ತೋಳಿಗೆ ಸಿಗದಷ್ಟು ದಪ್ಪದ ಗುಂಡು ಕಂಬ ನಿಲ್ಲಿಸಿದ, ಹಳೆಯ ಕಿಟಕಿಗಳನ್ನೂ ಒಡೆದು ದೊಡ್ಡದು ಮಾಡಿಸಿದ. ಹೊರಗೋಡೆಗೆ ತನ್ನ ಅಪ್ಪನ ಎರಡಡಿಯನ್ನೇ ಉಳಿಸಿಕೊಂಡದ್ದರಿಂದ ಯಾವುದು ಹಳತು ಯಾವುದು ಹೊಸತು ಅಂತ ಹೊರಗಿನಿಂದ ಹೇಳುವುದು ಕಷ್ಟ. ಮೊಮ್ಮಗ ಮೇಲೆ ಮರದ ನೆಲದ ಮಹಡಿ ಎತ್ತಿದ. ಮರಗಳ ಸಾಲಿನ ನಡುವೆ ಆಳುಗಳಲ್ಲಿ ಯಾರು ಕೂತಿದ್ದಾರೆ, ಯಾರು ಸುಮ್ಮನೆ ನಿಂತಿದ್ದಾರೆ ಅಂತ ಅಲ್ಲಿಂದ ಕಾಣುತ್ತಿತ್ತಂತೆ.

ಇನ್ನು ಆ ಬಾಗಿಲಿಲ್ಲದ ಗೋಡೆ. ಅದರ ಕಥೆಯನ್ನು ಯಜಮಾನಿಯೇ ಹೇಳಿದ್ದರು. ಅವರ ಅಜ್ಜನಿಗೂ ಅಜ್ಜನ ತಮ್ಮನಿಗೂ ಜಗಳ ಹತ್ತಿ, ಒಬ್ಬರ ಮುಖ ಒಬ್ಬರು ನೋಡಬಾರದು ಅಂತ ಒಂದೇ ಹಜಾರವನ್ನು ಗೋಡೆ ಹಾಕಿ ಎರಡು ಮಾಡಿಕೊಂಡರಂತೆ. ಮನೆಮಂದಿಯೆಲ್ಲ ಅದನ್ನು ಅಣ್ಣತಮ್ಮಂದಿರ ಗೋಡೆ ಅಂತಲೇ ಕರೆಯುತ್ತಿದ್ದರು. ಈಗಲೂ ಹಜಾರದಿಂದ ಊಟಕ್ಕೆ ಹೋಗಬೇಕಾದರೆ ಜಗುಲಿಗೆ ಬಂದು ಸುತ್ತಬೇಕು. ಅದನ್ನು ಒಡೆದುಬಿಡಬಹುದೇ ಅಂತ ಅವರ ಪ್ರಶ್ನೆ. ನನ್ನ ಲೆಕ್ಕ ಒಂದಡಿ ಅಂತ ಹೇಳಿತು, ಕಥೆಗೆ ಸರಿಯಾಗಿ ಕೂತಿತು. ಎರಡೂ ಹೊಂದಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: "ಆಮೇಲೆ ಹಾಕಿದ ಅಡ್ಡಗೋಡೆ. ಭಾರ ಹೊತ್ತಿಲ್ಲ. ತೆಗೆಯಬಹುದು." ಮನೆಯ ಚರಿತ್ರೆ ಅಂತ ಎರಡು ಪುಟ ಬರೆದು ಯಜಮಾನಿಗೆ ಕೊಟ್ಟೆ. ಅವರು ಅದಕ್ಕೆ ಗಾಜು ಹಾಕಿಸಿ ಜಗುಲಿಯಲ್ಲಿ ತೂಗುಹಾಕಿದರು.

ಅಣ್ಣತಮ್ಮಂದಿರು ಎಷ್ಟೇ ಹೊಡೆದಾಡಿಕೊಂಡರೂ ಎರಡಡಿ ದಪ್ಪದ ಕಲ್ಲಿನ ಗೋಡೆ ಹಾಕುವುದಿಲ್ಲ. ಅದು ಮೊದಲನೆಯವನ ಮನೆಯ ಕೊನೆಯ ಗೋಡೆ. ಊಟದ ಕೋಣೆ ಅವನದು, ಹಜಾರ ಮಗನದು. ಮೊಮ್ಮಗ ಮಹಡಿ ಎತ್ತುವಾಗ ತೊಲೆಗಳನ್ನು ಇಟ್ಟದ್ದು ಅದರ ಮೇಲೆ, ಎರಡೂ ಕಡೆಯಿಂದ. ಕೆಳಗೆ ಹಲಗೆಯ ಚಾವಣಿ ಹೊಡೆದಿರುವುದರಿಂದ ತೊಲೆ ಯಾವ ಕಡೆಗೆ ಓಡಿವೆ ಅಂತ ಕಾಣುವುದಿಲ್ಲ. ಆ ತೊಲೆಗಳ ಮೇಲೆ ಮಹಡಿ, ಮಹಡಿಯ ಮೇಲೆ ಆರು ಜನ ಹೊತ್ತ ಕಬ್ಬಿಣ. ಅಪ್ಪ ಬೆಳಗ್ಗೆ ಆರಕ್ಕೇ ಲಾರಿ ಹತ್ತಿ ಹೋಗಿದ್ದ, ಅದೇ ಗೋಡೆ ಒಡೆಯುವುದಕ್ಕೆ.

ಅಪ್ಪನ ಮೊಬೈಲಿಗೆ ಮಾಡಿದೆ. ತಗ್ಗಿನಲ್ಲಿರುವ ಆ ತೋಟದಲ್ಲಿ ಮೊಬೈಲ್ ಹತ್ತುವುದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಹತ್ತಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇನ್ನೊಂದು ನಂಬರ್ ಇತ್ತು. ದೊಡ್ಡ ಮನೆಯ ಜಗುಲಿಯಲ್ಲಿ ಇಟ್ಟಿರುವ ಹಳೆಯ ಫೋನಿನದು. ಅದು ರಿಂಗಾದರೆ ಯಾರಾದರೂ ಎತ್ತುತ್ತಾರೆ. ಯಜಮಾನಿ ಎತ್ತುತ್ತಾರೆ.

ಇಲ್ಲಿಂದ ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ನಾನು ಆ ನಂಬರ್ ಒತ್ತಲಿಲ್ಲ. ಮೊದಲ ದಿನವೇ ಯಜಮಾನಿ, "ಎಂಜಿನಿಯರ್ ಒಬ್ಬರು ನೋಡೋದು ಬೇಡ್ವಾ?" ಅಂತ ಕೇಳಿದ್ದರು. ನಾನು ಎದೆ ಸೆಟೆಸಿ, "ಬೇಡ ಮೇಡಂ, ಗೋಡೆಯನ್ನ ನಾವು ನೋಡೋ ಹಾಗೆ ಅವರು ನೋಡಲ್ಲ" ಅಂದಿದ್ದೆ. ಈಗ ಫೋನ್ ಮಾಡಿ ಏನು ಹೇಳಲಿ? ನನ್ನ ನಕ್ಷೆ ತಪ್ಪು, ಗಾಜಿನೊಳಗಿರುವ ಚರಿತ್ರೆಯೂ ತಪ್ಪು, ತುಂಡಾದ ಟೇಪಿನಲ್ಲಿ ನಿಮ್ಮ ಮನೆ ಅಳೆದೆವು ಅನ್ನಲೇ? ತಲೆಯೊಳಗೆ ಇನ್ನೊಂದು ಲೆಕ್ಕ ಶುರುವಾಯಿತು. ಕೆಲಸ ಒಂಬತ್ತಕ್ಕೆ. ಅಪ್ಪ ಮೊದಲು ಗಾರೆ ಕೆರೆಯುತ್ತಾನೆ, ಅದಕ್ಕೇ ಒಂದೂವರೆ ಗಂಟೆ. ಹತ್ತೂವರೆಗೆ ಮುಂಚೆ ಕಲ್ಲು ಕೀಳುವುದಿಲ್ಲ. ಸ್ಕೂಟರಿನಲ್ಲಿ ಹತ್ತಕ್ಕೆ ತಲುಪುತ್ತೇನೆ. ಅಪ್ಪನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

ದಾರಿಯುದ್ದಕ್ಕೂ ಆ ಲೆಕ್ಕವನ್ನೇ ಮತ್ತೆ ಮತ್ತೆ ಕೂಡಿದೆ. ಪ್ರತಿ ಸಲ ಕೂಡಿದಾಗಲೂ ಐದು ನಿಮಿಷ ಕಡಿಮೆಯಾಗುತ್ತಿತ್ತು. ಅಪ್ಪನ ಹಟ ನನಗೆ ಗೊತ್ತಿಲ್ಲದ್ದೇ? ಮುನಿಸಿಕೊಂಡ ದಿನದಿಂದ ಹೊತ್ತಿಗೆ ಮುಂಚೆ ಕೆಲಸ ಹಚ್ಚುತ್ತಿದ್ದಾನೆ, ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದಾನೆ. ಗೋಡೆ ತಟ್ಟಿ ದಪ್ಪ ಹೇಳುವ ಮನುಷ್ಯ ಅವನು. ಆದರೆ ನಾನು ಕಲಿತು ಬಂದ ದಿನದಿಂದ ನಕ್ಷೆಗೆ ಎದುರಾಡಿಲ್ಲ. "ಮಗಳು ಬರೆದಿದ್ದಾಳೆ" ಅಂತ ಆಳುಗಳಿಗೆ ಹೇಳುವಾಗ ಅವನ ದನಿಯೇ ಬೇರೆ. ಅದು ನೆನಪಾಯಿತು. ಸ್ಕೂಟರ್ ನಿಲ್ಲಿಸಿ ರಸ್ತೆಯ ಪಕ್ಕದಲ್ಲಿ ಕಾಫಿಯನ್ನೆಲ್ಲ ಕಕ್ಕಿದೆ.

ತೋಟಕ್ಕೆ ಇಳಿಯುವ ಮುಂಚೆ ಒಂದು ದಿಬ್ಬ ಬರುತ್ತದೆ. ಅದನ್ನು ದಾಟಿದರೆ ಸಿಗ್ನಲ್ ಇಲ್ಲ. ಅಲ್ಲಿ ಗಾಡಿ ನಿಲ್ಲಿಸಿದೆ. ಒಂಬತ್ತು ಗಂಟೆ ನಲವತ್ತು ನಿಮಿಷ. ಕೆಳಗೆ ಸಾಲುಸಾಲು ಮರ, ನಡುವೆ ಕೆಂಪು ಹೆಂಚು. ಜಗುಲಿಯ ನಂಬರಿನ ಎಲ್ಲ ಅಂಕಿಗಳನ್ನೂ ಒತ್ತಿದೆ, ಕೊನೆಯದೊಂದನ್ನು ಬಿಟ್ಟು. ಅಲ್ಲಿಂದ ಮನೆಗೆ ಇನ್ನೂ ಮೂವತ್ತು ನಿಮಿಷದ ಕೆಟ್ಟ ದಾರಿ. ಒಂದು ಅಂಕಿ ಒತ್ತಿದ್ದರೆ ಮುಗಿಯುತ್ತಿತ್ತು. ಫೋನ್ ಜೇಬಿಗೆ ಹಾಕಿಕೊಂಡು ಇಳಿದೆ. ಅಪ್ಪನ ಜೀವ ಒಂದು ಕಡೆ, ನನ್ನ ಮರ್ಯಾದೆ ಒಂದು ಕಡೆ. ಎರಡನ್ನೂ ಉಳಿಸಿಕೊಳ್ಳಬಹುದು ಅಂದುಕೊಂಡೆ. ನನ್ನನ್ನು ನಾನು ಏನೆಲ್ಲ ಬೈದುಕೊಂಡೆ ಅಂತ ಇಲ್ಲಿ ಬರೆಯುವುದಿಲ್ಲ, ಆದರೂ ಇಳಿದೆ.

ಜಗುಲಿಯಲ್ಲಿ ಕಡ್ಡಿಯೂ ಅವನ ಭಾವಮೈದನೂ ಕೂತು ಚಹಾ ಕುಡಿಯುತ್ತಿದ್ದರು. ಅವರ ತಲೆಯ ಮೇಲೆ ಗಾಜಿನೊಳಗೆ ನನ್ನ ಚರಿತ್ರೆ, ಮೊಣಕೈ ಪಕ್ಕದಲ್ಲಿ ಫೋನು. ಕೆಲಸ ಇನ್ನೂ ಶುರುವಾಗಿಲ್ಲ ಅಂದುಕೊಂಡೆ.

"ಅಪ್ಪ ಎಲ್ಲಿ?"

"ಒಳಗಿದ್ದಾರೆ ಅಕ್ಕ," ಅಂದ ಕಡ್ಡಿ. "ಏಳೂವರೆಗೇ ಶುರು ಹಚ್ಕೊಂಡ್ವಿ. ಒಂದಾಳೆತ್ತರ ತೂತು ಆಯ್ತು. ಆಮೇಲೆ ಏನಾಯ್ತೋ, ನಮ್ಮನ್ನ ಹೊರಗೆ ಹೋಗಿ ಅಂದ್ರು. ಒಂದು ಗಂಟೆ ಆಯ್ತು. ಯಾರೂ ಒಳಗೆ ಬರಬಾರ್ದಂತೆ."

"ಯಾಕೆ ಅಂತ ಕೇಳಲಿಲ್ವಾ?"

"ಮೇಸ್ತ್ರಿನ ಯಾಕೆ ಅಂತ ಕೇಳೋಕಾಗುತ್ತಾ?"

ಹಜಾರದ ಬಾಗಿಲು ತಳ್ಳಿದೆ. ಧೂಳು ಬೆಳಕಿನಲ್ಲಿ ನಿಂತಿತ್ತು, ಇಳಿಯುತ್ತಿರಲಿಲ್ಲ. ಗೋಡೆಯಲ್ಲಿ ಒಂದು ಬಾಗಿಲಷ್ಟು ಅಗಲದ ಬಾಯಿ ತೆರೆದಿತ್ತು. ಅದರ ಅಂಚಿನಲ್ಲಿ ದಪ್ಪ ಕಾಣುತ್ತಿತ್ತು: ಈ ಕಡೆ ಒಂದು ಕಲ್ಲಿನ ಸಾಲು, ಆ ಕಡೆ ಒಂದು ಸಾಲು, ನಡುವೆ ತುಂಬಿದ ಮಣ್ಣು, ಜಲ್ಲಿ. ಅಳೆಯಬೇಕಾಗಿರಲಿಲ್ಲ. ಮೇಲಿನ ಅಂಚಿನಿಂದ ಒಣ ಮಣ್ಣು ಸಣ್ಣಗೆ ಸುರಿಯುತ್ತಿತ್ತು, ಚೀಲಕ್ಕೆ ತೂತು ಬಿದ್ದ ಹಾಗೆ. ಅದರ ಕೆಳಗೆ ಅಪ್ಪ. ಒಂದು ಮರದ ಕಂಬವನ್ನು ತೋಳಿನಲ್ಲಿ ತಬ್ಬಿ, ಕಂಬದ ತುದಿಗೆ ಇಟ್ಟ ಹಲಗೆಯನ್ನು ಭುಜದಿಂದ ಮೇಲಕ್ಕೆ ಒತ್ತಿ ನಿಂತಿದ್ದ. ಆಗಲೇ ಎರಡು ಆಸರೆ ಕಂಬ ನಿಲ್ಲಿಸಿ ಆಗಿತ್ತು. ಮೂರನೆಯದಕ್ಕೆ ಬೆಣೆ ಹೊಡೆಯಲು ಅವನಿಗೆ ಕೈ ಉಳಿದಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ, ಬೆನ್ನ ಮೇಲಿನ ಧೂಳು ಬೆವರಿಗೆ ಕೆಸರಾಗಿತ್ತು.

"ಹೊರಗೆ ಹೋಗು," ಅಂದ. ತಿಂಗಳಲ್ಲಿ ನನಗೆ ಹೇಳಿದ ಮೊದಲ ಮಾತು ಅದು.

"ಅಪ್ಪ, ಗೋಡೆ ಎರಡಡಿ ಇದೆ."

"ಕಾಣ್ತಾ ಇದೆ."

"ನಾನು ಒಂದು ಕಳೀಲಿಲ್ಲ."

"ಗೊತ್ತು ಕಣೆ. ಮೂರನೇ ಕಲ್ಲು ಕಿತ್ತಾಗ್ಲೇ ಗೊತ್ತಾಯ್ತು. ಆವತ್ತು ನಾನೂ ಹೇಳ್ಲಿಲ್ಲ. ಈಗ ಹೊರಗೆ ಹೋಗು ಅಂದ್ನಲ್ಲ."

ಆಗ ಮೇಲಿನಿಂದ ಒಂದು ಸದ್ದು ಬಂತು. ಬಿರುಕಿನ ಸದ್ದಲ್ಲ. ಮರದ ಮೇಲೆ ಕಬ್ಬಿಣ ಉರುಳುವ ಸದ್ದು, ನಿಧಾನವಾಗಿ, ಸ್ವಲ್ಪ ಉರುಳಿ ನಿಂತಿತು. ಮಹಡಿಯ ನೆಲ ನಮ್ಮ ಕಡೆಗೆ ಬಾಗುತ್ತಿತ್ತು, ಆ ಯಂತ್ರ ಇಳಿಜಾರು ಹುಡುಕಿಕೊಂಡಿತ್ತು. ಓಡಬೇಕು ಅಂತಲೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕಾಲು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟೂ ಬಿಟ್ಟಿತು.

ಆಮೇಲೆ ಸುತ್ತಿಗೆ ಎತ್ತಿಕೊಂಡೆ. ಅಪ್ಪನ ಕಾಲ ಹತ್ತಿರ ಮಂಡಿಯೂರಿ, ಕಂಬದ ಬುಡಕ್ಕೆ ಬೆಣೆ ಇಟ್ಟೆ. ಮೊದಲ ಏಟು ನೆಲಕ್ಕೇ ಬಿತ್ತು.

"ಜೋರಾಗಿ ಬೇಡ," ಅಂದ ಅಪ್ಪ. ಅವನ ದನಿ ಇದ್ದಕ್ಕಿದ್ದಂತೆ ಸಮಾಧಾನವಾಗಿತ್ತು. "ಮಲಗಿದವರ ಮನೆ ಬಾಗಿಲು ತಟ್ಟೋ ಹಾಗೆ ತಟ್ಟು. ಹಾಂ. ಇನ್ನೊಂದು. ಈಗ ಆ ಕಡೆಯಿಂದ."

ತಟ್ಟಿದೆ. ಪ್ರತಿ ಏಟಿಗೂ ಮೇಲಿನಿಂದ ಒಂದು ಹಿಡಿ ಮಣ್ಣು ನನ್ನ ತಲೆಯ ಮೇಲೆ, ಕುತ್ತಿಗೆಯೊಳಗೆ. ಬಾಯಿ ತುಂಬ ಮಣ್ಣು, ಉಗುಳಲೂ ಭಯ. ಕಲ್ಲೊಂದು ಸಡಿಲವಾಗಿ ಅಪ್ಪನ ಬೆನ್ನಿಗೆ ತಾಗಿ ನನ್ನ ಕೈ ಪಕ್ಕದಲ್ಲಿ ಬಿತ್ತು. ಅವನು ಹಲ್ಲು ಕಚ್ಚಿದ, ಕಂಬ ಬಿಡಲಿಲ್ಲ. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಹಲಗೆಯ ಚಾವಣಿ ಕಾಣುತ್ತದೆ, ಅದರ ಕೀಲುಗಳು ಬಾಯಿ ಬಿಡುತ್ತಿರುವುದು ಕಾಣುತ್ತದೆ ಅಂತ ಹೆದರಿಕೆ. ಬೆಣೆ ಬಿಗಿಯಾಯಿತು. ಅಪ್ಪ ಮೆಲ್ಲಗೆ, ಬೆರಳು ಬೆರಳಾಗಿ ಕಂಬ ಬಿಟ್ಟ. ಕಂಬ ನಿಂತಿತು. ನಾವಿಬ್ಬರೂ ಕಾದೆವು. ಮೇಲೆ ಯಾವ ಸದ್ದೂ ಇರಲಿಲ್ಲ. ಮಣ್ಣು ಸುರಿಯುವುದು ಕಡಿಮೆಯಾಗುತ್ತಾ ಬಂದು ನಿಂತಿತು.

ನಾಲ್ಕನೆಯ ಕಂಬ ನಿಲ್ಲಿಸುವಾಗ ಕೇಳಿದೆ. "ಕಡ್ಡಿನ ಯಾಕೆ ಹೊರಗೆ ಕಳಿಸ್ದೆ? ಮೂರು ಜನ ಇದ್ದಿದ್ರೆ ಅರ್ಧ ಗಂಟೆಯಲ್ಲಿ ಮುಗೀತಿತ್ತು."

ಅಪ್ಪ ಬೆಣೆಯ ಮೂತಿ ಕೆತ್ತುತ್ತಿದ್ದ. "ಅವನ ಬಾಯಿ ಸುಮ್ನಿರಲ್ಲ. ಮೇಸ್ತ್ರಿ ಮಗಳ ನಕ್ಷೆ ತಪ್ಪಾಗಿತ್ತು ಅಂತ ನಾಳೆ ನಾಲ್ಕು ಕಡೆ ಹೇಳ್ತಾನೆ. ಆಮೇಲೆ ನಿನಗೆ ಯಾರು ಮನೆ ತೋರಿಸ್ತಾರೆ?" ಬೆಣೆ ತಿರುಗಿಸಿ ನೋಡಿದ. "ಒಬ್ಬನೇ ನಿಲ್ಲಿಸಿಬಿಡ್ತೀನಿ ಅಂದ್ಕೊಂಡೆ. ವಯಸ್ಸು ಕೇಳಲಿಲ್ಲ."

ಈ ಮಾತು ಕೇಳಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ, ಹೆದರಿಕೆಯಾಯಿತು. ಕಲ್ಲು ಬೀಳುತ್ತದೆ ಅನ್ನುವ ಹೆದರಿಕೆಗಿಂತ ಕೆಟ್ಟದ್ದು. ಅವನು ಈ ಸಂದಿಯಲ್ಲಿ ನನ್ನ ಹೆಸರು ಉಳಿಸಲು ಭುಜ ಕೊಟ್ಟು ನಿಂತಿದ್ದ ಹೊತ್ತಿನಲ್ಲಿ ನಾನು ದಿಬ್ಬದ ಮೇಲೆ ಒಂದು ಅಂಕಿ ಉಳಿಸಿಕೊಂಡು ನಿಂತಿದ್ದೆ.

ಹನ್ನೆರಡರ ಹೊತ್ತಿಗೆ ಯಜಮಾನಿ ಬಂದರು. ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯಿಂದ ನೇರ ಬಂದಿದ್ದರು, ಸೆರಗಿಗೆಲ್ಲ ಆ ಹುಳಿ ವಾಸನೆ. ನಾವು ಜಗುಲಿಯಲ್ಲಿ ಮುಖ ತೊಳೆದುಕೊಳ್ಳುತ್ತಿದ್ದೆವು. ಕಡ್ಡಿಯೂ ಅವನ ಭಾವಮೈದನೂ ಎರಡನೇ ಸಲದ ಚಹಾ ಹಿಡಿದು ಅಲ್ಲೇ ಕೂತಿದ್ದರು. ಯಜಮಾನಿ ಹಜಾರದೊಳಗೆ ಇಣುಕಿ, ನಾಲ್ಕು ಕಂಬ ನೋಡಿ, ಹಿಂದಕ್ಕೆ ಬಂದರು.

"ಇದೇನು ಮೇಸ್ತ್ರಿ?"

"ಹಳೇ ಮನೆ ಮೇಡಂ," ಅಂದ ಅಪ್ಪ, ಟವೆಲಿನಲ್ಲಿ ಕಿವಿ ಒರೆಸಿಕೊಳ್ಳುತ್ತಾ. "ಬಿಚ್ಚಿದ ಮೇಲೇ ಒಳಗೇನಿದೆ ಅಂತ ಗೊತ್ತಾಗೋದು. ಯಾರು ನೋಡಿದ್ರೂ ಇದನ್ನ ಹೇಳೋಕಾಗ್ತಿರ್ಲಿಲ್ಲ. ಗೋಡೆ ಭಾರ ಹೊತ್ತಿದೆ. ವಾಪಸ್ ಕಟ್ಟಿಕೊಡ್ತೀನಿ."

"ನಕ್ಷೆ ತಪ್ಪು ಮೇಡಂ," ಅಂದೆ ನಾನು. "ಅಳತೆಯಲ್ಲಿ ಒಂದಡಿ ಬಿಟ್ಟಿದ್ದೆ. ಇದು ನಿಮ್ಮ ಅಜ್ಜ ಹಾಕಿದ ಗೋಡೆ ಅಲ್ಲ. ಮೊದಲ ಮನೆಯ ಕೊನೆಯ ಗೋಡೆ."

ಅಪ್ಪ ನನ್ನ ಕಡೆ ಕಣ್ಣು ಬಿಟ್ಟ. ಯಜಮಾನಿ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಯಾವಾಗ ಗೊತ್ತಾಯ್ತು ನಿಮಗೆ?"

"ಬೆಳಗ್ಗೆ ಎಂಟೂಕಾಲಿಗೆ."

"ಮನೆಯಲ್ಲಿದ್ದಾಗ?"

"ಹೂಂ."

ಅವರು ತಿರುಗಿ ಫೋನಿನ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುವವರ ದನಿ. "ಮತ್ತೆ ಒಂದು ಫೋನ್ ಮಾಡಬಹುದಿತ್ತಲ್ಲ?"

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಹೇಳಿದ. "ಮಾಡಿದ್ಲು ಮೇಡಂ. ನಾನೇ ಎತ್ತಿದ್ದು. ಗಾಬರಿ ಬೇಡ, ನೋಡ್ಕೋತೀನಿ ಅಂದೆ."

ಬೆಳಗಿನಿಂದ ಆ ಫೋನಿನ ಪಕ್ಕದಲ್ಲೇ ಕೂತಿದ್ದ ಕಡ್ಡಿ ತಲೆ ತಗ್ಗಿಸಿ ಲೋಟದೊಳಗೆ ನೋಡತೊಡಗಿದ. ಲೋಟದಲ್ಲಿ ಏನೂ ಉಳಿದಿರಲಿಲ್ಲ. ಅವನ ಭಾವಮೈದ ಜಗುಲಿಯ ಕಂಬದ ಕಡೆ ಮುಖ ತಿರುಗಿಸಿದ. ಬಾಯಿ ಸುಮ್ಮನಿರದ ಮನುಷ್ಯ ಅಂತ ಅಪ್ಪ ಹೇಳಿದ್ದು ಕಡ್ಡಿಯನ್ನೇ. ಅವನೂ ಸುಮ್ಮನಿದ್ದ. ನಾನೂ ಸುಮ್ಮನಿದ್ದುಬಿಟ್ಟರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ಮೇಡಂ, ನಾನು ಮಾಡಲಿಲ್ಲ," ಅಂದೆ. "ನಂಬರ್ ಕೈಯಲ್ಲೇ ಇತ್ತು. ದಿಬ್ಬದ ಮೇಲೆ ಇನ್ನೊಂದು ಸಲ ತೆಗೆದೆ. ನೀವು ಎತ್ತುತ್ತೀರಿ, ತಪ್ಪು ಮಾಡಿದ್ದು ನಿಮಗೆ ಗೊತ್ತಾಗುತ್ತೆ ಅಂತ ಹೆದರಿ ಮಾಡಲಿಲ್ಲ. ಅಪ್ಪ ಈ ಗೋಡೆ ಕೆಳಗಿದ್ದಾನೆ ಅಂತ ಗೊತ್ತಿತ್ತು."

ನಾನು ಯಜಮಾನಿಯನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದೆ. ಕಬ್ಬಿಣ ಉರುಳಿದಾಗ ಅವನ ಮುಖ ಹತ್ತಿರದಿಂದ ನೋಡಿದ್ದೆ, ಅದರಲ್ಲಿ ಭಯ ಇರಲಿಲ್ಲ. ಬೆನ್ನಿಗೆ ಕಲ್ಲು ಬಿದ್ದಾಗಲೂ ಇರಲಿಲ್ಲ. ಈಗ ಇತ್ತು. ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗುರುತು ಸಿಗದವರನ್ನು ನೋಡುವ ಹಾಗೆ ನನ್ನನ್ನು ನೋಡಿದ. ಅಪ್ಪ ನನ್ನನ್ನು ಕಂಡು ಹೆದರಿದ್ದು ಅದೇ ಮೊದಲು.

ಆಮೇಲೆ ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ಕಡ್ಡಿ, ಬಾ," ಅಂದ. "ಬೆಣೆ ಇನ್ನೊಂದು ಸಲ ನೋಡ್ಬೇಕು."

ನಾನು ಎದ್ದೆ.

"ನೀನು ಇಲ್ಲೇ ಇರು," ಅಂದ, ನನ್ನ ಕಡೆ ನೋಡದೆ. ಇಬ್ಬರೂ ಒಳಗೆ ಹೋದರು.